ಪೇಟೆಯ ಒಳಚರಂಡಿ, ನಮ್ಮ ಕೆರೆಯ ಹಕ್ಕು
(ಕೆರೆ ಅಚ್ಚುಕಟ್ಟು ರೈತರ ಸಭೆಯಲ್ಲಿ ಮಾಡಿದ ಭಾಷಣ)



ತಾಲ್ಲೂಕು ಪಟ್ಟಣದ ಪುರಸಭೆಯಲ್ಲಿ ಒಳಚರಂಡಿ ಯೋಜನೆ ಚರ್ಚೆಗೆ ಬಂದರೆ ಅದು ಪೇಟೆಯವರ ವಿಷಯ, ನಮಗೇನು ಅಂತ ನೀವು ಸಂತೆ ಮುಗಿಸಿ ಊರಿಗೆ ಹೊರಡ್ತೀರಿ. ಪೈಪು ಯಾವ ಬೀದಿಯಲ್ಲಿ ಹೋಗಬೇಕು ಅಂತ ಸದಸ್ಯರು ಜಗಳ ಆಡ್ತಾರೆ. ಅದು ಕೊನೆಗೆ ಎಲ್ಲಿ ಬಾಯಿ ಬಿಡುತ್ತೆ ಅಂತ ಯಾರೂ ಕೇಳೋದಿಲ್ಲ. ಅದು ಬಾಯಿ ಬಿಡೋದು ನಿಮ್ಮ ಹಳ್ಳಕ್ಕೆ, ನಿಮ್ಮ ಕೆರೆಗೆ.

ಬೆಂಗಳೂರಿನ ಲೆಕ್ಕ ನೋಡಿ. 1974ರಲ್ಲಿ ಕಾವೇರಿ ನೀರು ಮೊದಲು ಆ ನಗರಕ್ಕೆ ಏರಿತು. 2024ರಲ್ಲಿ ಐದನೇ ಹಂತ ಮುಗಿಯಿತು. 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಬೆಂಗಳೂರಿನ ಕುಡಿಯುವ ನೀರಿಗೆ 4.75 ಟಿ.ಎಂ.ಸಿ. ಹೆಚ್ಚುವರಿಯಾಗಿ ಕೊಟ್ಟಿತು. ಕುಡಿಯುವ ನೀರು ಬೇಡ ಅನ್ನೋ ಪಾಪಿಗಳಲ್ಲ ನಾವು. ಆದರೆ ಗಮನಿಸಿ: ನಗರದ ಹಕ್ಕು ಕಾಗದದ ಮೇಲಿದೆ, ಕೋರ್ಟಿನ ಮುದ್ರೆಯೊಂದಿಗೆ.

ಬಳಸಿ ಬಿಟ್ಟ ನೀರಿನ ಕಥೆ ಬೇರೆ. ವೃಷಭಾವತಿಯಲ್ಲಿ ಹರಿದು ಬೈರಮಂಗಲ ಕೆರೆ ಸೇರಿದ ಕೊಳೆ ನೀರಿನ ನೊರೆಯನ್ನು ಅಲ್ಲಿನ ರೈತರು ವರ್ಷಗಟ್ಟಲೆ ಕಂಡಿದ್ದಾರೆ. ಆ ನೀರು ಬಿಡುವ ಮುಂಚೆ ಅವರನ್ನು ಕೇಳಿದವರು ಯಾರು?

ಇನ್ನು ಕೋಲಾರ. ಕೋರಮಂಗಲ-ಚಲ್ಲಘಟ್ಟ ಕಣಿವೆಯ ಯೋಜನೆಯಲ್ಲಿ ದಿನಕ್ಕೆ 44 ಕೋಟಿ ಲೀಟರ್ ಸಂಸ್ಕರಿಸಿದ ನೀರನ್ನು ಕೋಲಾರ ಜಿಲ್ಲೆ ಮತ್ತು ಚಿಂತಾಮಣಿ ಕಡೆಯ ಕೆರೆಗಳಿಗೆ ಹರಿಸೋದು ಅಂತ ಗುರಿ. 2018ರ ಜೂನ್‌ನಲ್ಲಿ ನೀರು ಲಕ್ಷ್ಮೀಸಾಗರ ಕೆರೆಗೆ ಬಂತು. ಜನ ಪೂಜೆ ಮಾಡಿದರು. ಜುಲೈನಲ್ಲಿ ನೊರೆ ಬಂತು! ಹೈಕೋರ್ಟು ತಡೆ ಕೊಟ್ಟಿತು, ಆಮೇಲೆ ತೆರವು ಮಾಡಿತು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಮತ್ತೆ ತಡೆಯಿತು, ಏಪ್ರಿಲ್‌ನಲ್ಲಿ ಬಿಟ್ಟಿತು. ನೀರು ಬಂದ, ನಿಂತ, ಮತ್ತೆ ಬಂದ ಆ ತಿಂಗಳುಗಳಲ್ಲಿ ಬೆಳೆ ಇಡಬೇಕೋ ಬೇಡವೋ ಅಂತ ಕುಳಿತವನು ರೈತ.

ಒಳ್ಳೇದನ್ನೂ ಹೇಳಬೇಕು. ಸಾವಿರ ಅಡಿ ದಾಟಿ ಕೊರೆದು ಸಾಲದಲ್ಲಿ ಮುಳುಗಿದ್ದವರ ಬೋರ್‌ವೆಲ್‌ಗಳಲ್ಲಿ ಎಷ್ಟೋ ಕಡೆ ನೀರು ಮೇಲೆ ಬಂದಿದೆ. ಹೊಸ ಬೋರಿನ ಖರ್ಚು ಉಳಿದರೆ ಅದು ಸಣ್ಣ ಮಾತಲ್ಲ. ಅದಕ್ಕೇ ಈ ನೀರು ಬೇಡ ಅಂತ ನಾನು ಹೇಳೋದಿಲ್ಲ. ಯಾವ ನೀರು, ಯಾವ ಕರಾರಿನ ಮೇಲೆ ಅಂತ ಕೇಳ್ತೀನಿ.

ಈಗ ಕೊಡುವುದು ಎರಡನೇ ಹಂತದವರೆಗೆ ಶುದ್ಧಿ ಮಾಡಿದ ನೀರು. ಮೊದಲ ಹಂತದಲ್ಲಿ ಗಸಿ ತೆಗೀತಾರೆ. ಎರಡನೇ ಹಂತದಲ್ಲಿ ಗಾಳಿ ಕೊಟ್ಟು, ಸೂಕ್ಷ್ಮಜೀವಿಗಳಿಂದ ಕೊಳೆ ಕರಗಿಸ್ತಾರೆ. ಉಳಿದ ಸಾರಜನಕ, ರಂಜಕ, ರೋಗಾಣು ತೆಗೆಯೋಕೆ ಮೂರನೇ ಹಂತ ಬೇಕು. ಕಾರ್ಖಾನೆಯ ಸೀಸ, ಕ್ರೋಮಿಯಂ ಚರಂಡಿಗೆ ಸೇರದಂತೆ ಕಾರ್ಖಾನೆಯ ಬಾಗಿಲಲ್ಲೇ ತಡೆಯಬೇಕು. ಕೆರೆಯ ನೀರು ಇಂಗಿ ಬೋರಿಗೆ ಬರುತ್ತೆ. ಅದನ್ನು ಹಸು ಕುಡಿಯುತ್ತೆ, ಮನೆ ಮಕ್ಕಳೂ ಕುಡೀತಾರೆ.

ಕರಾರು ಏನು? ಅಂತರ್ಜಲಕ್ಕೆ ಮಾತ್ರ, ನೇರವಾಗಿ ಹೊಲಕ್ಕೆ ಹರಿಸಬಾರದು. ಹಿಂದೆ ನೀರಗಂಟಿ ತೂಬು ಎತ್ತಿದರೆ ಯಾರ ಗದ್ದೆಗೆ ಎಷ್ಟು ಅಂತ ಊರಿಗೇ ಗೊತ್ತಿತ್ತು. ಈಗ ಕೆರೆ ತುಂಬಿದ್ದರೂ ಅಚ್ಚುಕಟ್ಟುದಾರ ನೋಡುತ್ತಾ ನಿಲ್ಲಬೇಕು. ನಾಳೆ ನಗರ ಈ ನೀರನ್ನು ಕಾರ್ಖಾನೆಗೆ ಮಾರಿಕೊಳ್ಳುತ್ತೀನಿ ಅಂದರೆ ನಿಮ್ಮ ಕೈಲಿ ಯಾವ ಕಾಗದ ಇದೆ? ನಮ್ಮ ಸಾಲ ಪಹಣಿಯಲ್ಲಿದೆ. ಈ ನೀರಿನ ಹಕ್ಕು ಯಾವ ಪಹಣಿಯಲ್ಲೂ ಇಲ್ಲ.

ಆದ್ದರಿಂದ ಐದು ಬೇಡಿಕೆ. ಒಳಚರಂಡಿ ಯೋಜನೆಗೆ ನಗರಸಭೆ, ಪುರಸಭೆ ಒಪ್ಪಿಗೆ ಕೊಡುವ ಮೊದಲು ಕೆಳಗಿನ ಗ್ರಾಮಸಭೆಗಳ ಮುಂದೆ ಬರಲಿ. ಮೂರನೇ ಹಂತದ ಶುದ್ಧಿ ಆಗಲಿ. ಎಷ್ಟು ನೀರು, ಎಷ್ಟು ವರ್ಷ ಅಂತ ಬರೆದು ಕೊಡಲಿ. ಪ್ರತಿ ತಿಂಗಳ ಪರೀಕ್ಷೆಯ ಫಲಿತಾಂಶ ಕನ್ನಡದಲ್ಲಿ ಕೆರೆ ಏರಿ ಮೇಲೆ ಹಾಕಲಿ. ಬೆಳೆ, ದನ ಹಾಳಾದರೆ ಪರಿಹಾರ ನಗರದ ನೀರಿನ ಕಂದಾಯದಿಂದ ಬರಲಿ.

ಮುಂದಿನ ಸಲ ಪುರಸಭೆಯ ಸಭೆಗೆ ಗಂಟೆ ಹೊಡೆದಾಗ ಸಂತೆಯಿಂದ ನೇರ ಮನೆಗೆ ಹೋಗಬೇಡಿ. ಒಳಗೆ ಹೋಗಿ ಒಂದೇ ಪ್ರಶ್ನೆ ಕೇಳಿ: ಸ್ವಾಮಿ, ಈ ಪೈಪಿನ ಇನ್ನೊಂದು ತುದಿ ಎಲ್ಲಿದೆ?