ಲೋಹಗಳ ಸ್ವಭಾವ ಮತ್ತು ಜಿನಬಿಂಬಗಳ ರಕ್ಷಣೆ



ಪ್ರತಿಷ್ಠಾ ಮಹೋತ್ಸವದ ಈ ಶುಭಸಂದರ್ಭದಲ್ಲಿ ಧರ್ಮೋಪದೇಶ ಮಾಡುವ ಅಧಿಕಾರ ಪೂಜ್ಯರದು, ನನ್ನದಲ್ಲ. ಮೆಟ್ರಿಕ್‌ವರೆಗೆ ಓದಿ, ಬಳಿಕ ಪಾತ್ರೆಗಳ ವ್ಯಾಪಾರದಲ್ಲಿ ನಿರತನಾದವನು ನಾನು. ಆದುದರಿಂದ ತಾಮ್ರ, ಹಿತ್ತಾಳೆ, ಕಬ್ಬಿಣಗಳ ಸ್ವಭಾವವನ್ನೂ, ಅದನ್ನರಿತು ನಮ್ಮ ಲೋಹಬಿಂಬಗಳನ್ನು ಕಾಪಾಡಿಕೊಳ್ಳುವ ಬಗೆಯನ್ನೂ ಕುರಿತು ನಾಲ್ಕು ಮಾತುಗಳನ್ನು ಅರಿಕೆ ಮಾಡಿಕೊಳ್ಳುತ್ತೇನೆ.

ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಐದನೆಯ ಅಧ್ಯಾಯದಲ್ಲಿ ಪುದ್ಗಲವು ಅಣು ಮತ್ತು ಸ್ಕಂಧವೆಂದು ಎರಡು ಬಗೆಯೆಂದೂ, ಸ್ನಿಗ್ಧ ಮತ್ತು ರೂಕ್ಷ ಗುಣಗಳಿಂದ ಬಂಧವುಂಟಾಗುವುದೆಂದೂ ನಿರೂಪಿತವಾಗಿರುವುದು ತಮಗೆ ವಿದಿತವೇ ಆಗಿದೆ. ಹಾಗೆಂದು ಶಾಲೆಯ ಪುಸ್ತಕದ ಪರಮಾಣುವೂ ಅದೂ ಒಂದೇ ಎನ್ನಲಾಗದು. ಆಗಮದ ಪರಮಾಣು ಅವಿಭಾಜ್ಯವಾದುದು. ರಸಾಯನಶಾಸ್ತ್ರದ ಪರಮಾಣುವಿನೊಳಗಾದರೋ ಪ್ರೋಟಾನು ನ್ಯೂಟ್ರಾನುಗಳ ಬೀಜಕೇಂದ್ರವೂ, ಅದರ ಸುತ್ತ ಎಲೆಕ್ಟ್ರಾನುಗಳೂ ಇವೆ. ನಮ್ಮ ಪರಿಭಾಷೆಯಲ್ಲಿ ಅದನ್ನು ಸ್ಕಂಧವೆನ್ನುವುದೇ ಯುಕ್ತ.

ಈ ಪರಮಾಣುಗಳ ಬಂಧವೆಂದರೆ ವ್ಯಾಪಾರಿಯ ಮಾತಿನಲ್ಲಿ ಎಲೆಕ್ಟ್ರಾನುಗಳ ಕೊಡುಕೊಳ್ಳುವಿಕೆ. ಅಡಿಗೆಯ ಉಪ್ಪಿನಲ್ಲಿ ಸೋಡಿಯಂ ತನ್ನ ಒಂದು ಎಲೆಕ್ಟ್ರಾನನ್ನು ಕ್ಲೋರಿನ್ನಿಗೆ ಕೊಟ್ಟಿದೆ. ನೀರಿನಲ್ಲಿ ಜಲಜನಕ, ಆಮ್ಲಜನಕಗಳು ಎಲೆಕ್ಟ್ರಾನುಗಳನ್ನು ಪಾಲುದಾರಿಕೆಯಲ್ಲಿಟ್ಟುಕೊಂಡಿವೆ. ಲೋಹದಲ್ಲಿಯೋ ಹೊರಸುತ್ತಿನ ಎಲೆಕ್ಟ್ರಾನುಗಳು ಎಲ್ಲರ ಕೂಡುಬಂಡವಾಳದಂತೆ ಸಂಚರಿಸುತ್ತವೆ. ಆದುದರಿಂದಲೇ ತಾಮ್ರವನ್ನು ಬಡಿದರೆ ಒಡೆಯದೆ ತಗಡಾಗುತ್ತದೆ.

ಆದರೆ ಎಲೆಕ್ಟ್ರಾನನ್ನು ಬಿಟ್ಟುಕೊಡುವ ಔದಾರ್ಯ ಎಲ್ಲ ಲೋಹಗಳಿಗೂ ಸಮನಾಗಿಲ್ಲ. ಸೋಡಿಯಂ ಮಹಾದಾನಿ. ಅಲ್ಲಿಂದ ಮೆಗ್ನೀಸಿಯಂ, ಅಲ್ಯೂಮಿನಿಯಂ, ಸತು, ಕಬ್ಬಿಣ, ತವರ, ಸೀಸ, ತಾಮ್ರ, ಬೆಳ್ಳಿ ಎಂದು ಇಳಿಯುತ್ತ ಬಂದರೆ ಕಡೆಯಲ್ಲಿರುವ ಚಿನ್ನ ಪರಮ ಜಿಪುಣ. ಇದನ್ನೇ ಲೋಹಗಳ ಕ್ರಿಯಾಶೀಲತೆಯ ಶ್ರೇಣಿ ಎನ್ನುತ್ತಾರೆ.

ಇದಕ್ಕೆ ನಮ್ಮ ನೆಲದಲ್ಲಿಯೇ ಸಾಕ್ಷ್ಯವಿದೆ. ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆಯಲ್ಲಿ 1960ರ ದಶಕದಲ್ಲಿ ಡಾ. ಎಂ. ಎಸ್. ನಾಗರಾಜರಾವ್ ಅವರು ನಡೆಸಿದ ಉತ್ಖನನದಲ್ಲಿ ನವಶಿಲಾಯುಗದ ಜನರ ಚಿನ್ನದ ಆಭರಣಗಳು ದೊರೆತವು. ಮೂರು ಸಾವಿರಕ್ಕೂ ಮಿಕ್ಕ ವರ್ಷಗಳು ಮಣ್ಣಿನಲ್ಲಿದ್ದರೂ ಚಿನ್ನ ಚಿನ್ನವಾಗಿಯೇ ಉಳಿದಿತ್ತು. ಸಂಡೂರಿನ ಗುಡ್ಡಗಳ ಕಬ್ಬಿಣವಾದರೋ ಆಮ್ಲಜನಕದೊಡನೆ ಕೂಡಿ ಹೆಮಟೈಟ್ ಅದಿರಾಗಿದೆ. ಶುದ್ಧ ಹೆಮಟೈಟಿನ 160 ತೂಕದಲ್ಲಿ 112 ತೂಕ ಕಬ್ಬಿಣ, 48 ತೂಕ ಆಮ್ಲಜನಕ. ತೋರಣಗಲ್ಲಿನ ಕಾರ್ಖಾನೆಯ ಉರಿಯಲ್ಲಿ ಆ ಆಮ್ಲಜನಕವನ್ನು ಬಿಡಿಸಿ ಕಬ್ಬಿಣ ತೆಗೆಯುತ್ತಾರೆ. ಮಳೆಗಾಲ ಬಂದೊಡನೆ ಅದು ಗಾಳಿ ನೀರುಗಳೊಡನೆ ಕೂಡಿ ತುಕ್ಕಾಗಿ, ತನ್ನ ಹಳೆಯ ನಂಟಿಗೇ ಮರಳುತ್ತದೆ. ಕುರುಗೋಡಿನ ಗುಡ್ಡಗಳ ಗ್ರಾನೈಟು ಶಿಲೆಯಲ್ಲಿ ಸಿಲಿಕಾನು ಮೊದಲೇ ಆಮ್ಲಜನಕದೊಡನೆ ಭದ್ರವಾಗಿ ಬಂಧಿತವಾಗಿರುವುದರಿಂದ ಶಿಲಾವಿಗ್ರಹಗಳಿಗೆ ಈ ಭಯ ಕಡಿಮೆ.

ನಮ್ಮ ಲೋಹಬಿಂಬಗಳ ಸ್ಥಿತಿ ಚಿನ್ನಕ್ಕೂ ಕಬ್ಬಿಣಕ್ಕೂ ನಡುವಿನದು. ಅವುಗಳಲ್ಲಿ ತಾಮ್ರವೇ ಪ್ರಧಾನ. ಹಿತ್ತಾಳೆಯಾದರೆ ಸತು, ಕಂಚಾದರೆ ತವರ ಕೂಡಿರುತ್ತದೆ. ಕಲಾಯಿಯಿಲ್ಲದ ಪಾತ್ರೆಯಲ್ಲಿ ಹುಳಿ ಇಡಬಾರದೆಂದು ತಾಯಂದಿರು ಬಲ್ಲರು. ಆದರೆ ಕಪ್ಪಾದ ಬಿಂಬವನ್ನು ಅದೇ ಹುಣಸೆಹಣ್ಣಿನಿಂದ ತಿಕ್ಕುವ ರೂಢಿ ನಮ್ಮಲ್ಲಿದೆ. ಬಿಂಬ ಥಳಥಳಿಸುವುದು ನಿಜ. ಆದರೆ ಆ ಕಪ್ಪು ಹೊರಗಿನಿಂದ ಬಂದ ಕೊಳೆಯಲ್ಲ. ಬಿಂಬದ ತಾಮ್ರವೇ ಗಾಳಿಯೊಡನೆ ಕೂಡಿ ಆದ ಪದರ. ಹುಳಿಯ ಆಮ್ಲ ಅದನ್ನು ಕರಗಿಸಿಕೊಂಡು ಹೋಗುತ್ತದೆ. ಹಿತ್ತಾಳೆಯಲ್ಲಿ ಸತು ಮೊದಲು ಹೊರಟುಹೋಗಿ ಕೆಂಪು ಕಲೆಗಳೇಳಬಹುದು. ಇಟ್ಟಿಗೆಪುಡಿ ಬೆರೆಸಿದರಂತೂ ಹಾನಿ ಇನ್ನೂ ಹೆಚ್ಚು. ಹೀಗೆ ವರ್ಷ ವರ್ಷವೂ ಸವೆದು, ಪೀಠದ ಮೇಲೆ ಹಿರಿಯರು ಕೆತ್ತಿಸಿದ ದಾನಿಯ ಹೆಸರು, ಸಂವತ್ಸರ, ತೀರ್ಥಂಕರರ ಲಾಂಛನ ಅಳಿದುಹೋದರೆ, ಅದು ಯಾವ ಕಾಲದ, ಯಾರು ಮಾಡಿಸಿದ ಬಿಂಬವೆಂದು ಹೇಳುವವರು ಯಾರು?

ಆದುದರಿಂದ ಮೂರು ವಿನಂತಿಗಳು. ಮೊದಲನೆಯದಾಗಿ, ಪಂಚಾಮೃತಾಭಿಷೇಕವಾದ ಮೇಲೆ ಮೊಸರಿನ ಆಮ್ಲವೂ ಎಳನೀರಿನ ಲವಣವೂ ಸಂದುಗಳಲ್ಲಿ ಉಳಿಯದಂತೆ ಸೋಸಿದ ಶುದ್ಧಜಲದಿಂದ ತೊಳೆದು, ಮೃದುವಾದ ಒಣವಸ್ತ್ರದಿಂದ ತೇವವಿಲ್ಲದಂತೆ ಒರೆಸಬೇಕು. ಎರಡನೆಯದಾಗಿ, ಬಿಂಬದಿಂದ ತಿಳಿಹಸಿರು ಪುಡಿ ಮತ್ತೆ ಮತ್ತೆ ಉದುರಿದರೆ ಅದು ಲವಣದ ಕ್ಲೋರೈಡು ಲೋಹವನ್ನು ತಿನ್ನುತ್ತಿರುವ ಸೂಚನೆಯಾಗಿರಬಹುದು; ಆಗ ತಿಕ್ಕದೆ, ಸಂರಕ್ಷಣೆಯ ತಜ್ಞರ ಸಲಹೆ ಪಡೆಯಬೇಕು. ಮೂರನೆಯದಾಗಿ, ಶಿಖರದ ತಾಮ್ರಕಲಶಕ್ಕೆ ಕಬ್ಬಿಣದ ಮೊಳೆ ಹಾಕಿಸಬಾರದು. ಮೈಲುತುತ್ತದ ನೀರಿನಲ್ಲಿ ಮೊಳೆಯಿಟ್ಟರೆ ಕಬ್ಬಿಣ ಕರಗಿ, ತಾಮ್ರ ಅದರ ಮೇಲೆ ಕೂರುವುದನ್ನು ಶಾಲೆಯ ಮಕ್ಕಳೂ ಬಲ್ಲರು. ಮಳೆಯಲ್ಲಿ ತಾಮ್ರದ ಸಂಗಡವಿರುವ ಕಬ್ಬಿಣವೂ ಹಾಗೆಯೇ ಬೇಗ ಕ್ಷಯಿಸುತ್ತದೆ.

ಥಳಕು ನಾಲ್ಕು ದಿನದ್ದು, ಬಿಂಬ ತಲೆತಲಾಂತರದ್ದು. ಇಂದು ಪ್ರತಿಷ್ಠಿತವಾಗುವ ಬಿಂಬದ ಅಕ್ಷರಗಳನ್ನು ನಮ್ಮ ಮೊಮ್ಮಕ್ಕಳ ಮಕ್ಕಳೂ ಓದುವಂತಾಗಲಿ ಎಂದು ಪ್ರಾರ್ಥಿಸುತ್ತೇನೆ.

ಜೈ ಜಿನೇಂದ್ರ.