ಐದು ಸಿಲಿಂಡರಿನ ಮಹಡಿ ಬಸ್ಸು

ಕನ್ನಡ ಪಾಠ ಹೇಳುವವನಿಗೂ ಮೋಟಾರು ಬಸ್ಸಿಗೂ ಏನು ನಂಟು ಎಂದು ನೀವು ನಗಬಹುದು. ನನಗೆ ಬಸ್ಸು ನಡೆಸಲು ಬಾರದು, ನಿಜ. ಆದರೆ ಛಂದಸ್ಸಿನಲ್ಲಿ ಪಳಗಿದ ಕಿವಿಯೊಂದುಂಟು. ನಾನು ಹೇಳಹೊರಟಿರುವ ಬಸ್ಸನ್ನು ನಡೆಸಲು ಕೈಕಾಲುಗಳಷ್ಟೇ ಕಿವಿಯೂ ಬೇಕು.

ಇಂಗ್ಲೆಂಡಿನ ವುಲ್ವರ್‌ಹ್ಯಾಂಪ್ಟನ್ನಿನ ಗೈ ಮೋಟಾರ್ಸ್ ಕಂಪೆನಿ 1942ರಿಂದ ಯುದ್ಧಕಾಲದ ಬಳಕೆಗೆಂದು ಕಟ್ಟಿದ ಮಹಡಿ ಬಸ್ಸು ಇದು, ಹೆಸರು ‘ಅರಬ್’. ಅಲ್ಯೂಮಿನಿಯಂ ವಿಮಾನಗಳ ಪಾಲಾಗಿದ್ದ ಕಾಲ. ಆದ್ದರಿಂದ ಹಗುರ ಲೋಹ ಇರಬೇಕಾದೆಡೆ ಎರಕದ ಕಬ್ಬಿಣ ಬಂತು. ತಗಡನ್ನು ಬಡಿದು ದುಂಡಗೆ ಮಾಡುವ ಕುಶಲಿಗಳಿಗೂ ಬೇರೆ ಕೆಲಸವಿತ್ತು. ಮೈಯ ಮೂಲೆಗಳೆಲ್ಲ ಒರಟಾದುವು. ಹಲವು ಬಸ್ಸುಗಳಲ್ಲಿ ಕೂರಲು ಮರದ ಪಟ್ಟಿಗಳೇ ಗತಿ. ಇಷ್ಟು ಭಾರಕ್ಕೆ ಹೂಡಿದ್ದು ಮ್ಯಾಂಚೆಸ್ಟರ್ ಬಳಿಯ ಗಾರ್ಡನರ್ ಕಾರ್ಖಾನೆಯ 5ಎಲ್‌ಡಬ್ಲ್ಯು ಎಂಬ ಡೀಸೆಲ್ ಎಂಜಿನ್ನು: ಸುಮಾರು 7 ಲೀಟರು, ನಿಮಿಷಕ್ಕೆ 1700 ಸುತ್ತಿನಲ್ಲಿ 85 ಅಶ್ವಶಕ್ತಿ. ಸಿಲಿಂಡರು ನಾಲ್ಕಲ್ಲ, ಆರಲ್ಲ, ಐದು.

ಆರು ಸಿಲಿಂಡರಿನದು ಮೂರು ಮೂರು ಮಾತ್ರೆಯ ಉತ್ಸಾಹ ರಗಳೆಯ ಓಟವಾದರೆ, ಇದರದು ಐದು ಮಾತ್ರೆಯ ಲಲಿತ ರಗಳೆ ಎನ್ನೋಣ. ಯಂತ್ರಶಾಸ್ತ್ರಜ್ಞರು ಕ್ಷಮಿಸಬೇಕು; ಸ್ಫೋಟಗಳ ನಡುವಣ ಅಂತರವೆಲ್ಲ ಸಮವೇ. ಆದರೆ ಐದು ಕೊಂತಗಳ ಎಳೆತ ಒಂದನ್ನೊಂದು ಪೂರ್ತಿಯಾಗಿ ತೂಗಿಸಲಾರದು. ಆದ್ದರಿಂದ ನಿಂತ ಬಸ್ಸಿನ ಮೈ ತೊನೆಯುತ್ತದೆ, ಕಿಟಕಿಯ ಗಾಜುಗಳು ತಾಳ ಹಾಕುತ್ತವೆ.

ಈಗ ನೀವೇ ಚಾಲಕರೆಂದಿಟ್ಟುಕೊಳ್ಳಿ. ಬಲಗಡೆಯ ಪುಟ್ಟ ಗೂಡಿಗೆ ಹೊರಗಿನಿಂದಲೇ ಹತ್ತಬೇಕು. ಎಡಕ್ಕೆ ಎಂಜಿನ್ನಿನ ಮುಚ್ಚಳ, ಹಿಂದೆ ಗಾಜು. ಪ್ರಯಾಣಿಕರೊಡನೆ ನಿಮಗಿರುವ ಮಾತುಕತೆ ಕಂಡಕ್ಟರನ ಗಂಟೆ ಮಾತ್ರ. ಒಂದು ಹೊಡೆದರೆ ನಿಲ್ಲಿಸಿ, ಎರಡಾದರೆ ಹೊರಡಿ. ಮಟ್ಟಸ ರಸ್ತೆಯಲ್ಲಿ ಎರಡನೆಯ ಗೇರಿನಲ್ಲೇ ಹೊರಡುವುದು ರೂಢಿ. ಮೊದಮೊದಲಿನ ಅರಬ್‌ಗಳಲ್ಲಿ ಗೇರಿನ ಸ್ಥಾನಗಳು ವಾಡಿಕೆಗೆ ವಿರುದ್ಧವಾಗಿ ಬಲದಿಂದ ಎಡಕ್ಕೆ ಸಾಗುತ್ತಿದ್ದುವು, ಅರಬ್ಬಿ ಲಿಪಿಯ ಹಾಗೆ. ಹೆಸರಿಗೆ ತಕ್ಕ ನಡತೆ!

ಕಷ್ಟವಿರುವುದು ಮೂರನೆಯ ಗೇರಿಗೆ ಹೋಗುವಲ್ಲಿ. ಹಲ್ಲುಗಳ ವೇಗವನ್ನು ತಾನೇ ಸರಿದೂಗಿಸುವ ಏರ್ಪಾಡು ಈ ಗೇರುಪೆಟ್ಟಿಗೆಯಲ್ಲಿಲ್ಲ. ಕ್ಲಚ್ಚು ಒತ್ತಿ, ಗೇರನ್ನು ನಡುಮನೆಗೆ ತಂದು, ಕ್ಲಚ್ಚು ಬಿಟ್ಟು, ಕಾಯಬೇಕು. ಗಾರ್ಡನರ್ ಎಂಜಿನ್ನಿಗೆ ಅವಸರವೆಂಬುದೇ ತಿಳಿಯದು. ಅದರ ಭಾರದ ಚಕ್ರ ಮೆಲ್ಲಮೆಲ್ಲನೆ ವೇಗ ಇಳಿಸುತ್ತದೆ. ಆ ದನಿ ತಕ್ಕ ಶ್ರುತಿಗೆ ಇಳಿದಾಗ ಮತ್ತೆ ಕ್ಲಚ್ಚು ಒತ್ತಿ ಗೇರು ಸೇರಿಸಿದರೆ, ಬೆಣ್ಣೆಗೆ ಬೆರಳಿಟ್ಟಂತೆ ಸೇರೀತು. ಮುಂಚೆ ತಳ್ಳಿದಿರೋ, ಹಲ್ಲು ಹಲ್ಲಿಗೆ ತಾಗಿ ಕಿರುಚುವ ಕೂಗು ಬೀದಿಗೆಲ್ಲ ಕೇಳುತ್ತದೆ. ಏರು ಬಂದಾಗಲಂತೂ ಕಾಯುತ್ತ ಕುಳಿತರೆ ಬಸ್ಸೇ ನಿಂತೀತು. ಅಲ್ಲಿ ಬಸ್ಸು ಸೋಲುವುದಕ್ಕೆ ಮೊದಲೇ, ನಡುವೆ ಎಂಜಿನ್ನಿನ ವೇಗ ಏರಿಸಿ, ಕೆಳಗಿನ ಗೇರಿಗೆ ಇಳಿದುಬಿಡಬೇಕು.

ಲಂಡನ್ನಿನಲ್ಲಿ ಯುದ್ಧಕಾಲದ ಇಂಥ ಗೈ ಬಸ್ಸುಗಳು 435 ಇದ್ದುವು. ಐವತ್ತರ ದಶಕದ ಮೊದಲಲ್ಲೇ ಲಂಡನ್ ಅವನ್ನು ಕಳಚಿಕೊಂಡಿತು. ಆದರೆ ಎಡಿನ್‌ಬರೋ ನಗರಸಭೆ 60 ಬಸ್ಸುಗಳನ್ನು ಕೊಂಡು, ಹೊಸ ಮೈ ಕಟ್ಟಿಸಿ, ಟ್ರಾಮುಗಳ ಜಾಗದಲ್ಲಿ ಓಡಿಸಿತು. ಅವು ಅರವತ್ತರ ದಶಕದವರೆಗೂ ದುಡಿದುವು. ಮೈ ಹೊಸದು, ಎದೆಬಡಿತ ಹಳೆಯದು. ತುರ್ತಿಗೆಂದು ಕಟ್ಟಿದ್ದು ಇಷ್ಟು ಬಾಳಿತೆಂದರೆ, ಅಂದಗೆಟ್ಟದ್ದೆಂದು ಹಳಿದವರಿಗೆ ಏನನ್ನಿಸಿತೋ!

ಲಂಡನ್ ಬಸ್ ಮ್ಯೂಸಿಯಂನವರು ಜಿ 351 ಎಂಬ ಒಂದನ್ನು ಉಳಿಸಿಕೊಂಡಿದ್ದಾರೆ. ಇಂಥದನ್ನು ಹಾಗೇ ನಿಲ್ಲಿಸಿ ಬಣ್ಣ ಬಳಿದರೆ ಸಾಲದೆ ಎಂದು ಕೇಳಬೇಡಿ. ಓಲೆಗರಿ ಉಳಿದು ಗಮಕಿ ಹೋದರೆ ಕಾವ್ಯ ಅರ್ಧ ಹೋದಂತೆ. ಗೈ ಕಾರ್ಖಾನೆ 1982ರಲ್ಲೇ ಮುಚ್ಚಿತು. ಮುರಿದ ಹಲ್ಲಿಗೆ ಬದಲು ಕೇಳಲು ಅಲ್ಲಿ ಬಾಗಿಲಿಲ್ಲ. ಎಷ್ಟು ಹೊತ್ತು ಕಾಯಬೇಕೆಂಬುದು ಯಾವ ಪುಸ್ತಕದಲ್ಲೂ ಸಿಕ್ಕದು; ತಂಪು ಮುಂಜಾನೆಗೊಂದು, ಕಾದ ಎಂಜಿನ್ನಿಗೊಂದು, ತುಂಬಿದ ಮಹಡಿಗೊಂದು. ಬಲ್ಲ ಹಿರಿಯ ಚಾಲಕ “ಇನ್ನೂ ಇಲ್ಲ, ಇನ್ನೂ ಇಲ್ಲ, ಈಗ” ಎನ್ನಬೇಕು. ಕಲಿಯುವವನ ಎಡಗೈ ಆ “ಈಗ” ಎಂಬ ಮಾತಿನೊಡನೆಯೇ ಚಲಿಸಬೇಕು. ಕೆಲವು ದಿನಗಳ ಮೇಲೆ ಹಿರಿಯ ಬಾಯಿ ತೆರೆಯುವ ಮೊದಲೇ ಗೇರು ಸೇರಿರುತ್ತದೆ. ಅಂದು ಆತ ಪ್ರಯಾಣಿಕನಂತೆ ಮಹಡಿಯಲ್ಲಿ ಹೋಗಿ ಕೂರಬಹುದು.