ಸಕ್ಕರೆ ಹರಳಿಗಿಂತ ಹಗುರ



ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಹಿರಿಯರು ಪ್ರೋಸ್ಟೇಟ್ ಆಪರೇಷನ್ನಿಗೆಂದು ಘಟಪ್ರಭಾಕ್ಕೋ ಬೆಳಗಾವಿಗೋ ಹೊರಟರೆ ಮೊದಲು ಕೇಳುವುದು, “ಬೆನ್ನಾಗ ಸೂಜಿ ಚುಚ್ಚತಾರಂತಲ್ರೀ?” ಆಮೇಲೆ, “ಬ್ಯಾನಿ ಎಷ್ಟ ಇರತೈತ್ರಿ?” ಎರಡನೆಯ ಪ್ರಶ್ನೆಗೆ ಉತ್ತರ ಮೊದಲನೆಯದರಲ್ಲೇ ಇದೆ.

1898ರಲ್ಲಿ ಜರ್ಮನಿಯ ಕೀಲ್ ನಗರದ ಸರ್ಜನ್ ಆಗಸ್ಟ್ ಬೀರ್, ಬೆನ್ನುಹುರಿಯ ಸುತ್ತಲಿನ ನೀರಿಗೆ ಕೊಕೇನ್ ಬಿಟ್ಟು ಕಾಲಿಗೆ ಜೋಮು ಹಿಡಿಸಿದ. ತನ್ನ ಸಹಾಯಕನಿಗೂ ಕೊಟ್ಟು, ನೋವು ಹೋಯಿತೋ ಇಲ್ಲವೋ ಎಂದು ಮೊಣಕಾಲ ಕೆಳಗಿನ ಎಲುಬಿಗೆ ಸುತ್ತಿಗೆಯಿಂದ ಬಡಿದು ನೋಡಿದ. ಆ ಹೊತ್ತಿಗೆ ನೋಯಲಿಲ್ಲ. ಔಷಧ ಇಳಿದ ಮೇಲಿನ ಕಥೆ ನೀವೇ ಊಹಿಸಿಕೊಳ್ಳಿ.

ಜೋಮು ಕೆಲವೇ ತಾಸಿನದು. ರಾತ್ರಿಯ ನೋವಿಗೆ ಅಫೀಮಿನಿಂದ ಬರುವ ಮಾರ್ಫಿನ್ ಬೇಕಾಯಿತು. 1901ರಲ್ಲಿ ಜಪಾನಿನ ವೈದ್ಯ ಕಿಟಗಾವಾ ಬೆನ್ನಿನಲ್ಲಿ ಕೊಟ್ಟದ್ದು 10 ಮಿಲಿಗ್ರಾಂ. ಆಮೇಲೆ ದಶಕಗಟ್ಟಲೆ ಆ ದಾರಿಯನ್ನು ಹೆಚ್ಚಿನವರು ತುಳಿಯಲಿಲ್ಲ. 1973ರಲ್ಲಿ ಮಾರ್ಫಿನ್ ಅಂಟಿಕೊಳ್ಳುವ ಜಾಗಗಳು ನರಮಂಡಲದಲ್ಲಿ ಪತ್ತೆಯಾದವು. 1976ರಲ್ಲಿ ಸಂಶೋಧಕರಾದ ಯಾಕ್ಷ್ ಮತ್ತು ರೂಡಿ, ಇಲಿಗಳ ಬೆನ್ನುಹುರಿಗೇ ಅದನ್ನು ಕೊಟ್ಟು ನೋವು ತಗ್ಗುವುದನ್ನು ತೋರಿಸಿದರು. 1979ರಲ್ಲಿ ಅಮೆರಿಕದ ವೈದ್ಯ ವಾಂಗ್ ಮತ್ತು ಸಂಗಡಿಗರು ಕ್ಯಾನ್ಸರ್ ರೋಗಿಗಳಿಗೆ ಅರ್ಧದಿಂದ ಒಂದು ಮಿಲಿಗ್ರಾಂ ಕೊಟ್ಟರು. ಈಗ ಪ್ರೋಸ್ಟೇಟ್ ಹೆರೆದು ತೆಗೆಯುವ ಆಪರೇಷನ್ನಿಗೆ 0.1 ಮಿಲಿಗ್ರಾಂ, ಕೆಲವೊಮ್ಮೆ ಅದಕ್ಕೂ ಕಡಿಮೆ. ಸಂಕೇಶ್ವರದ ಸಕ್ಕರೆಯ ಒಂದು ಹರಳು ಇದಕ್ಕಿಂತ ಭಾರ!

ಅಳತೆಯಲ್ಲೇ ಕುತ್ತು ಇರುವುದು. 10 ಮಿಲಿಗ್ರಾಮಿನ ಒಂದು ಆಂಪೂಲಿನಲ್ಲಿ ಬೇಕಾದದ್ದು ನೂರರಲ್ಲಿ ಒಂದು ಪಾಲು. ಸಂರಕ್ಷಕ ಬೆರೆಸದ ಮದ್ದನ್ನೇ ಆರಿಸಿ, ಸಲೈನಿನಲ್ಲಿ ತೆಳುವಾಗಿಸಿ, ಸಣ್ಣ ಸಿರಿಂಜಿನಲ್ಲಿ ಗೆರೆ ನೋಡಿ ಎಳೆಯಬೇಕು. ದಶಮಾಂಶದ ಚುಕ್ಕೆ ಒಂದು ಮನೆ ತಪ್ಪಿದರೆ ಹತ್ತು ಪಟ್ಟು. ಅದೇ ಜಾತಿಯ ಇನ್ನೊಂದು ಮದ್ದು ಫೆಂಟನಿಲ್ ಬೇಗ ಹತ್ತಿ ಬೇಗ ಇಳಿಯುತ್ತದೆ. ಮಾರ್ಫಿನ್ ನಿಧಾನ, ಆದರೆ ಇಡೀ ರಾತ್ರಿ ಕಾಯುತ್ತದೆ. ಅದರ ಕಾಟವೂ ಉಂಟು: ಮೂಗು ತುರಿಸುವುದು, ವಾಕರಿಕೆ, ಮೂತ್ರ ಕಟ್ಟುವುದು. ಕೊನೆಯದು ಈ ರೋಗಿಗೆ ಅಷ್ಟು ಬಾಧಿಸದು, ನಳಿಗೆ ಹೇಗೂ ಹಾಕಿರುತ್ತಾರೆ.

ನಮ್ಮ ದೇಶದಲ್ಲಿ 1985ರ ಮಾದಕವಸ್ತು ಕಾಯ್ದೆಯ ಬಿಗಿಯಲ್ಲಿ ಮಾರ್ಫಿನ್ ಸಿಗುವುದೇ ಕಷ್ಟವಾಗಿತ್ತು. 2014ರ ತಿದ್ದುಪಡಿ ಅದನ್ನು ಸಡಿಲಿಸಿತು. ನನ್ನ ಮಟ್ಟಿಗೆ, ಮದ್ದಿಗಿಂತ ಹೆಚ್ಚು ಬೇಕಾದದ್ದು ರಾತ್ರಿ ಎಚ್ಚರವಿರುವ ನರ್ಸ್. ಮಾರ್ಫಿನ್ ಉಸಿರನ್ನು ತಡವಾಗಿ, ಹಲವು ತಾಸಿನ ಮೇಲೂ ತಗ್ಗಿಸಬಲ್ಲದು. ಆದ್ದರಿಂದ ಅಜ್ಜ ಗೊರಕೆ ಹೊಡೆಯುತ್ತಿದ್ದರೂ ಆಕೆ ಬಂದು, ಎದೆ ಏರಿಳಿಯುವುದನ್ನು ನೋಡುತ್ತ, ಗಡಿಯಾರ ಹಿಡಿದು ಒಂದು ನಿಮಿಷ ಎಣಿಸುತ್ತಾಳೆ.